ಕಪ್ಪು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಹೋಗಬಹುದೇ?

ಪ್ರಶ್ನೆ: ಎರಡು ದಿನಗಳಿಂದ ಕಣ್ಣುಬೇನೆ ಬಂದಿದೆ. ಜ್ವರವಿಲ್ಲ, ಮೈಕೈ ನೋವಿಲ್ಲ, ಕೆಲಸ ಮಾಡಲು ಶಕ್ತಿಯೂ ಇದೆ. ಕಪ್ಪು ಕನ್ನಡಕ ಹಾಕಿಕೊಂಡು, ಯಾರ ಮುಖವನ್ನೂ ನೇರವಾಗಿ ನೋಡದೆ ಕಚೇರಿಗೆ ಹೋಗಿಬರಬಹುದೇ?

ಉತ್ತರ: ಹೋಗಬೇಡಿ. ಕಣ್ಣು ಕೆಂಪಾಗಿದ್ದು ನೀರು ಸುರಿಯುತ್ತಿರುವಷ್ಟು ದಿನವೂ ಈ ರೋಗ ಇನ್ನೊಬ್ಬರಿಗೆ ಅಂಟುತ್ತದೆ. ವೈರಸ್‌ನಿಂದ ಬಂದ ಕಣ್ಣುಬೇನೆಯಲ್ಲಿ ಈ ಅವಧಿ ಸಾಮಾನ್ಯವಾಗಿ ಒಂದರಿಂದ ಎರಡು ವಾರ. ಬ್ಯಾಕ್ಟೀರಿಯಾದಿಂದ ಬಂದದ್ದಾದರೆ, ವೈದ್ಯರು ಬರೆದುಕೊಟ್ಟ ಆಂಟಿಬಯಾಟಿಕ್ ಹನಿಗಳನ್ನು ಹಾಕಲು ಶುರುಮಾಡಿ ಒಂದು ದಿನ ಕಳೆದು, ಪಿಸುರು ನಿಂತ ಮೇಲೆ ಕೆಲಸಕ್ಕೆ ಮರಳಬಹುದು. ಎರಡರಲ್ಲಿ ಯಾವುದೆಂದು ಕನ್ನಡಿಯ ಮುಂದೆ ನಿಂತು ನೀವೇ ತೀರ್ಮಾನಿಸಬೇಡಿ, ಒಮ್ಮೆ ವೈದ್ಯರಿಗೆ ತೋರಿಸಿ.

ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿಗೆ ಮುಗಿಯಿತು. ಆದರೆ ಮಳೆಗಾಲ ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಬಾರಿಯೂ ಅದರೊಳಗೆ ಆ ಕಪ್ಪು ಕನ್ನಡಕ ಇದ್ದೇ ಇರುತ್ತದೆ. 2023ರ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ರಾಜ್ಯದ ಜಿಲ್ಲೆ ಜಿಲ್ಲೆಗಳಲ್ಲಿ ಕಣ್ಣುಬೇನೆ ಹಬ್ಬಿದಾಗ ನಾನು ಈ ಮಾತನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಆದರೂ ಮತ್ತೊಮ್ಮೆ, ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ: ಕಣ್ಣುಬೇನೆ ನೋಟದಿಂದ ಹರಡುವುದಿಲ್ಲ.

ನಾವು ನೋಡುವುದೆಂದರೆ ಎದುರಿನ ವಸ್ತುವಿನ ಮೇಲೆ ಬಿದ್ದ ಬೆಳಕು ಮರಳಿ ನಮ್ಮ ಕಣ್ಣನ್ನು ಹೊಕ್ಕುವುದು, ಅಷ್ಟೇ. ರೋಗಿಯ ಕೆಂಪು ಕಣ್ಣಿನಿಂದ ನಿಮ್ಮ ಕಣ್ಣಿಗೆ ಬರುವುದು ಅದೇ ಬೆಳಕು. ಅದು ವೈರಸ್ಸನ್ನು ಹೊತ್ತು ತರಲಾರದು. ವೈರಸ್ ಇರುವುದು ಕಣ್ಣೀರಿನಲ್ಲಿ, ಪಿಸುರಿನಲ್ಲಿ. ಅದು ರೋಗಿಯ ಬೆರಳಿಗೆ ಹತ್ತಿ, ಬೆರಳಿನಿಂದ ಬಾಗಿಲಿನ ಹಿಡಿಗೋ ಟವೆಲ್ಲಿಗೋ ದಾಟಿ, ಅಲ್ಲಿಂದ ನಿಮ್ಮ ಬೆರಳಿಗೆ ಬಂದು, ನೀವು ಕಣ್ಣುಜ್ಜಿಕೊಂಡಾಗ ನಿಮ್ಮ ಕಣ್ಣನ್ನು ಸೇರುತ್ತದೆ. ಈ ದಾರಿಯಲ್ಲಿ ಯಾರೂ ಯಾರನ್ನೂ ನೋಡಬೇಕಾದ ಅಗತ್ಯವಿಲ್ಲ. ರೋಗಿಯು ಬೆಳಿಗ್ಗೆ ಮುಟ್ಟಿಹೋದ ಹಿಡಿಯನ್ನು ನೀವು ಸಂಜೆ ಮುಟ್ಟಿದರೂ ರೋಗ ಬರಬಹುದು, ಏಕೆಂದರೆ ಕಣ್ಣುಬೇನೆಗೆ ಮುಖ್ಯ ಕಾರಣವಾದ ಅಡಿನೋವೈರಸ್ ಒಣಗಿದ ಮೇಲ್ಮೈಯಲ್ಲಿಯೂ ವಾರಗಟ್ಟಲೆ ಬದುಕಿರಬಲ್ಲದು.

ನೋಟದಿಂದಲೇ ಹರಡುವುದಾಗಿದ್ದರೆ, ದಿನವಿಡೀ ರೋಗಿಯ ಕಣ್ಣಿನಿಂದ ಗೇಣು ದೂರದಲ್ಲಿ ಕುಳಿತು, ಸೂಕ್ಷ್ಮದರ್ಶಕದಲ್ಲಿ ಅದನ್ನೇ ದಿಟ್ಟಿಸುವ ನೇತ್ರವೈದ್ಯರು ವರ್ಷಪೂರ್ತಿ ಕೆಂಗಣ್ಣಿನಲ್ಲೇ ಇರಬೇಕಿತ್ತು. ಕಣ್ಣಿನ ಚಿಕಿತ್ಸಾಲಯಗಳಲ್ಲಿಯೂ ಈ ರೋಗ ಹರಡಿದ್ದುಂಟು, ನಿಜ. ಆದರೆ ಅಲ್ಲಿ ಹರಡಿಸಿದ್ದು ಸರಿಯಾಗಿ ತೊಳೆಯದ ಕೈ ಮತ್ತು ಸರಿಯಾಗಿ ಶುದ್ಧಗೊಳಿಸದ ಉಪಕರಣ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಡಗು ಕಟ್ಟುವ ಕಾರ್ಖಾನೆಗಳ ಕಾರ್ಮಿಕರಲ್ಲಿ ಇದು ಎಷ್ಟು ವ್ಯಾಪಕವಾಗಿತ್ತೆಂದರೆ ರೋಗಕ್ಕೆ ‘ಶಿಪ್‌ಯಾರ್ಡ್ ಐ’ ಎಂಬ ಹೆಸರೇ ಬಿದ್ದಿತು. ಕಣ್ಣಿಗೆ ಬಿದ್ದ ಲೋಹದ ಚೂರನ್ನು ತೆಗೆಸಿಕೊಳ್ಳಲು ಕಾರ್ಖಾನೆಯ ಚಿಕಿತ್ಸಾ ಕೊಠಡಿಗೆ ಹೋದವರು ರೋಗವನ್ನು ಅಂಟಿಸಿಕೊಂಡು ಮರಳುತ್ತಿದ್ದರು.

ಹಾಗಿದ್ದರೆ ಈ ನಂಬಿಕೆ ಇಷ್ಟು ಗಟ್ಟಿಯಾಗಿ ಏಕೆ ಉಳಿದಿದೆ? ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಎರಡು ಕಾರಣಗಳಿವೆ. ದೃಷ್ಟಿ ತಾಗುತ್ತದೆ ಎಂದು ನಂಬಿ ಮಗುವಿನ ಕೆನ್ನೆಗೆ ಕಪ್ಪು ಬೊಟ್ಟು ಇಡುವ ಸಮಾಜಕ್ಕೆ, ಕಣ್ಣಿನ ರೋಗ ಕಣ್ಣಿನಿಂದ ಕಣ್ಣಿಗೆ ಹೋಗುತ್ತದೆ ಎನ್ನುವುದು ಸಹಜವಾಗಿಯೇ ಒಪ್ಪಿಗೆಯಾಗುತ್ತದೆ. ಇನ್ನೊಂದು, ನೆನಪಿನ ಸ್ವಭಾವ. ಅಡಿನೋವೈರಸ್ ದೇಹ ಹೊಕ್ಕ ಮೇಲೆ ರೋಗ ಕಾಣಿಸಿಕೊಳ್ಳಲು ಐದು ದಿನದಿಂದ ಎರಡು ವಾರದವರೆಗೂ ಹಿಡಿಯುತ್ತದೆ. ಅಷ್ಟು ದಿನಗಳ ಹಿಂದೆ ಯಾವ ಹಿಡಿ ಮುಟ್ಟಿದೆವು, ಯಾವಾಗ ಕಣ್ಣುಜ್ಜಿದೆವು ಎಂಬುದು ಯಾರಿಗೂ ನೆನಪಿರುವುದಿಲ್ಲ. ಪಕ್ಕದ ಮೇಜಿನವರ ಕೆಂಡದಂತಹ ಕಣ್ಣು ಮಾತ್ರ ಚೆನ್ನಾಗಿ ನೆನಪಿರುತ್ತದೆ. ಆಸ್ಟ್ರೇಲಿಯಾದ ವೈದ್ಯಕೀಯ ವಿದ್ಯಾರ್ಥಿಗಳನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಅವರು ಗಂಟೆಗೆ ಸರಾಸರಿ 23 ಬಾರಿ ತಮ್ಮ ಮುಖವನ್ನು ಮುಟ್ಟಿಕೊಳ್ಳುತ್ತಿದ್ದರು. ಸೋಂಕು ಹರಡುವ ಬಗೆಯನ್ನು ಓದುತ್ತಿರುವವರೇ ಹೀಗಿರುವಾಗ ಉಳಿದವರ ಬಗ್ಗೆ ಹೇಳಬೇಕಾದುದೇನಿದೆ?

ಈ ನಂಬಿಕೆಯನ್ನು ನಿರುಪದ್ರವಿ ಎಂದು ಬಿಟ್ಟುಬಿಡಲು ನನ್ನಿಂದಾಗುವುದಿಲ್ಲ. ಕನ್ನಡಕ ಹಾಕಿಕೊಂಡವರು ತಾವು ಇತರರನ್ನು ರಕ್ಷಿಸಿದ್ದೇವೆಂದು ನಂಬಿ ಪ್ರಾಮಾಣಿಕವಾಗಿಯೇ ಕೆಲಸಕ್ಕೆ ಹೋಗುತ್ತಾರೆ. ಬಸ್ಸಿನ ಕಂಬಿ ಹಿಡಿದು ನಿಲ್ಲುತ್ತಾರೆ, ಕನ್ನಡಕವನ್ನು ಮೇಲೆತ್ತಿ ನೀರು ಒರೆಸಿಕೊಳ್ಳುತ್ತಾರೆ, ಅದೇ ಬೆರಳನ್ನು ಕಚೇರಿಯ ಹಾಜರಾತಿ ಯಂತ್ರದ ಮೇಲೆ ಒತ್ತುತ್ತಾರೆ. ಒಂದೇ ಗಾಜಿನ ತುಂಡಿನ ಮೇಲೆ ಇಡೀ ಕಚೇರಿ ಒಬ್ಬರ ಹಿಂದೊಬ್ಬರು ಬೆರಳಿಡುವ ಆ ಯಂತ್ರಕ್ಕಿಂತ ಕಣ್ಣುಬೇನೆಗೆ ಅನುಕೂಲವಾದ ಜಾಗ ಇನ್ನೊಂದಿರಲಾರದು. ಕೋವಿಡ್ ಕಾಲದಲ್ಲಿ ರೂಢಿಯಾದ ಸ್ಯಾನಿಟೈಸರ್ ಇದೆಯಲ್ಲ ಎನ್ನಬಹುದು. ಕೊರೊನಾ ವೈರಸ್ಸಿಗೆ ಕೊಬ್ಬಿನ ಹೊದಿಕೆಯಿದೆ, ಆಲ್ಕೊಹಾಲ್ ಅದನ್ನು ಸುಲಭವಾಗಿ ಒಡೆಯುತ್ತದೆ. ಅಡಿನೋವೈರಸ್ಸಿಗೆ ಅಂತಹ ಹೊದಿಕೆಯಿಲ್ಲದ ಕಾರಣ ಸ್ಯಾನಿಟೈಸರನ್ನು ಅಷ್ಟಾಗಿ ನೆಚ್ಚಿಕೊಳ್ಳುವಂತಿಲ್ಲ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಕೈ ತೊಳೆಯಬೇಕು.

ಕಪ್ಪು ಕನ್ನಡಕ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಬೆಳಕು ಚುಚ್ಚುವಂತಿದ್ದಾಗ ಅದು ನಿಮ್ಮ ಕಣ್ಣಿಗೆ ಹಿತ ನೀಡುತ್ತದೆ. ಅದರ ಉಪಯೋಗ ನಿಮಗೆ, ಎದುರಿನವರಿಗಲ್ಲ. ಅದನ್ನು ಮನೆಯಲ್ಲಿಯೇ ಹಾಕಿಕೊಳ್ಳಿ, ಆಗಾಗ ತೊಳೆಯಿರಿ, ತಮ್ಮನಿಗೋ ಮಗಳಿಗೋ ಕೊಡಬೇಡಿ.

ಮನೆಯಲ್ಲಿರುವಾಗ ಟವೆಲ್, ದಿಂಬಿನ ಚೀಲ, ಕಾಡಿಗೆ ಡಬ್ಬಿ ಇವೆಲ್ಲ ಪ್ರತ್ಯೇಕವಾಗಿರಲಿ. ಹರಳೆಣ್ಣೆ, ಎದೆಹಾಲು, ನಂದಿಬಟ್ಟಲು ಹೂವಿನ ರಸ ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಅದಕ್ಕಿಂತ ಹೆಚ್ಚಾಗಿ, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಗಳಿಂದ ದೂರವಿರಿ. ಕೆಂಪು ಒಂದೆರಡು ದಿನದಲ್ಲಿ ಇಳಿದಂತೆ ಕಂಡರೂ, ಒಳಗಿರುವುದು ಹರ್ಪಿಸ್ ಸೋಂಕಾಗಿದ್ದರೆ ಅದು ಕಣ್ಣಿನ ಪಾರದರ್ಶಕ ಪಟಲವನ್ನೇ ಹಾಳುಮಾಡಬಹುದು. ದೃಷ್ಟಿ ಮಂಜಾದರೆ ಅಥವಾ ನೋವು ತೀವ್ರವಾದರೆ ಅಂದೇ ನೇತ್ರವೈದ್ಯರ ಬಳಿ ಹೋಗಿ.

ಯಾರೂ ಕೇಳದಿದ್ದರೂ ರಜೆಯ ವಿಷಯವನ್ನು ಹೇಳದೆ ಮುಗಿಸಲಾರೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961, ತನ್ನ ವ್ಯಾಪ್ತಿಗೆ ಬರುವ ನೌಕರರಿಗೆ ಕಾಯಿಲೆ ಮೊದಲಾದ ಕಾರಣಗಳಿಗಾಗಿ ವರ್ಷಕ್ಕೆ 12 ದಿನಗಳವರೆಗೆ ಸಂಬಳ ಸಹಿತ ರಜೆ ಕೊಡುತ್ತದೆ. ಕಣ್ಣುಬೇನೆ ಆ ರಜೆಗೆ ತಕ್ಕ ಕಾಯಿಲೆಯೇ. ಕೇಳಲು ಸಂಕೋಚ ಬೇಡ. ಇಎಸ್‌ಐ ಎಂಬ ಸರ್ಕಾರಿ ಆರೋಗ್ಯ ವಿಮೆ ಇರುವ ಕಾರ್ಮಿಕರಿಗೆ ನಿಗದಿತ ವಂತಿಗೆಯ ದಿನಗಳು ತುಂಬಿದ್ದರೆ ಕೂಲಿಯ ಶೇಕಡಾ 70ರಷ್ಟು ಕಾಯಿಲೆ ಭತ್ಯೆ ಸಿಗುತ್ತದೆ. ಆದರೆ ಸಾಮಾನ್ಯವಾಗಿ ಕಾಯಿಲೆಯ ಮೊದಲ ಎರಡು ದಿನಗಳಿಗೆ ಅದು ಅನ್ವಯಿಸುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳು ಕೆಂಪು ಕಣ್ಣಿನಲ್ಲೇ ಯಂತ್ರದ ಮುಂದೆ ಕೂರುವುದು ತಿಳಿವಳಿಕೆಯ ಕೊರತೆಯಿಂದ ಎಂದುಕೊಂಡವರು ಈ ಎರಡು ದಿನಗಳ ಲೆಕ್ಕವನ್ನು ನೋಡಬೇಕು.

ನಿಮ್ಮ ಮನೆಗೆಲಸಕ್ಕೆ ಬರುವವರಿಗಂತೂ ಬಹುಪಾಲು ಇದ್ಯಾವುದೂ ಇಲ್ಲ. ಅವರ ಕಣ್ಣು ಕೆಂಪಾಗಿರುವುದನ್ನು ಕಂಡ ಕೂಡಲೇ ‘ವಾಸಿಯಾದ ಮೇಲೆ ಬಾರಮ್ಮ’ ಎಂದು ಬಾಗಿಲಿನಿಂದಲೇ ಕಳುಹಿಸುವ ಮನೆಗಳು ಎಷ್ಟೋ ಇವೆ. ಕಳುಹಿಸುವುದು ಸರಿಯೇ. ಆದರೆ ಆ ದಿನಗಳ ಸಂಬಳ ಹಿಡಿಯುವುದಿಲ್ಲ ಎಂಬ ಮಾತನ್ನೂ ಆ ಬಾಗಿಲಲ್ಲೇ ಹೇಳಿಬಿಡಿ. ಹೇಳದಿದ್ದರೆ ಆಕೆ ಅಲ್ಲಿಂದ ನೇರವಾಗಿ ಹೋಗುವುದು ತನ್ನ ಮನೆಗಲ್ಲ, ಪಕ್ಕದ ಬೀದಿಯ ಇನ್ನೊಂದು ಮನೆಯ ಪಾತ್ರೆ ತೊಳೆಯಲು.