ಉಪ್ಪಿನ ಟ್ಯಾಂಕಿನ ತಳ ಬಿರಿಯುವುದೇಕೆ? ಸೌರ ಉಷ್ಣ ಸ್ಥಾವರಗಳ ಸಿಮ್ಯುಲೇಷನ್ ನಡೆದುಬಂದ ದಾರಿ

ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಸೇರಿಸಿ, ಆ ಕಾವಿನಿಂದ ಉಗಿ ಎಬ್ಬಿಸಿ ಟರ್ಬೈನ್ ತಿರುಗಿಸುವ ದೊಡ್ಡ ಸ್ಥಾವರಗಳು ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ 1980ರ ದಶಕದಲ್ಲಿ ತಲೆಯೆತ್ತಿದವು. ಅಷ್ಟರಲ್ಲಾಗಲೇ ಇಂಥ ವ್ಯವಸ್ಥೆ ಹೇಗೆ ನಡೆದೀತು ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳು, ಅಂದರೆ ಸಿಮ್ಯುಲೇಷನ್‌ಗಳು, ಬಂದಿದ್ದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರಾನ್‌ಸಿಸ್ 1975ರದ್ದು. ಮುಂದೆ ಕನ್ನಡಿಗಳ ಜೋಡಣೆಗೆ ಸೋಲ್‌ಟ್ರೇಸ್, ವರ್ಷದ ಉತ್ಪಾದನೆ ಅಂದಾಜಿಗೆ ಸ್ಯಾಮ್ ಬಂದವು. ವಾರ್ಷಿಕ ಅಂದಾಜು ಸಾಮಾನ್ಯವಾಗಿ ಗಂಟೆಗೊಂದು ಲೆಕ್ಕದಲ್ಲಿ ಸಾಗುತ್ತದೆ. ಸ್ಥಾವರಕ್ಕೆ ಸಾಲ ಕೊಡುವವರಿಗೆ ಅಷ್ಟು ಸಾಕು, ಟ್ಯಾಂಕಿನ ಉಕ್ಕು ತಾಳೀತೇ ಎಂದು ತಿಳಿಯಲು ಸಾಲದು.

ತೊಡಕು ಬಿಗಿಯಾದದ್ದು ಕಾವನ್ನು ಕೂಡಿಡಲು ಕರಗಿದ ಉಪ್ಪು ಬಂದ ಮೇಲೆ. ಶೇ. 60 ಸೋಡಿಯಂ ನೈಟ್ರೇಟ್, ಶೇ. 40 ಪೊಟ್ಯಾಸಿಯಂ ನೈಟ್ರೇಟ್ ಬೆರೆತ ಈ ಉಪ್ಪು 290 ಡಿಗ್ರಿ ಸೆಲ್ಸಿಯಸ್‌ನ ಟ್ಯಾಂಕಿನಿಂದ, ಕನ್ನಡಿಗಳು ಬಿಸಿಲನ್ನು ಸೇರಿಸುವ ಗೋಪುರಕ್ಕೇರಿ, 565 ಡಿಗ್ರಿಗೆ ಕಾದು ಇನ್ನೊಂದು ಟ್ಯಾಂಕಿಗೆ ಇಳಿಯುತ್ತದೆ. ಸ್ಪೇನ್‌ನ ಹೆಮಾಸೋಲಾರ್ ಸ್ಥಾವರ 2011ರಲ್ಲಿ, ಬಿಸಿಲಿಲ್ಲದೆ 15 ಗಂಟೆ ನಡೆಯುವಷ್ಟು ಕಾವಿನ ದಾಸ್ತಾನಿನೊಂದಿಗೆ ಶುರುವಾಯಿತು. ನೆವಾಡಾದ 110 ಮೆಗಾವ್ಯಾಟ್‌ನ ಕ್ರೆಸೆಂಟ್ ಡ್ಯೂನ್ಸ್ 2016ರಲ್ಲಿ ಬಿಸಿ ಟ್ಯಾಂಕ್ ಸೋರಿ ತಿಂಗಳುಗಟ್ಟಲೆ ನಿಂತಿತು.

ತಳದಲ್ಲಿ ಆಗುವುದೇನು? ಸ್ಟೇನ್‌ಲೆಸ್ ಉಕ್ಕು ಡಿಗ್ರಿಗೆ ಮೀಟರಿಗೆ ಸುಮಾರು 0.018 ಮಿ.ಮೀ. ಹಿಗ್ಗುತ್ತದೆ. 40 ಮೀಟರ್ ಅಗಲದ ತಳ 25ರಿಂದ 565 ಡಿಗ್ರಿಗೆ ಏರಿದರೆ ಸುಮಾರು 39 ಸೆಂ.ಮೀ. ಬೆಳೆಯುತ್ತದೆ. ಸಮನಾಗಿ ಬೆಳೆದರೆ ತೊಂದರೆ ಕಡಿಮೆ. ಆದರೆ ಬೆಳಗಿನ ಚಾಲನೆಯಲ್ಲೋ ಮೋಡ ಹಾದಾಗಲೋ ಪೂರ್ತಿ ಕಾಯದ ಉಪ್ಪು ಟ್ಯಾಂಕಿಗೆ ಬರುತ್ತದೆ. ತಣ್ಣಗಿನ ಉಪ್ಪು ತೂಕ ಹೆಚ್ಚು: ಘನಮೀಟರಿಗೆ 565 ಡಿಗ್ರಿಯಲ್ಲಿ ಸುಮಾರು 1,730 ಕೆ.ಜಿ. ಇದ್ದರೆ 290ರಲ್ಲಿ 1,900. ಹಾಗಾಗಿ ಅದು ನೇರ ತಳಕ್ಕಿಳಿದು ಅಲ್ಲಲ್ಲಿ ತಂಪು ಪಟ್ಟೆ ಮೂಡಿಸುತ್ತದೆ. ಟ್ಯಾಂಕಿನಲ್ಲಿ ಮಟ್ಟ ಕಡಿಮೆಯಿದ್ದರೆ ಇನ್ನೂ ಜೋರು. ಅಲ್ಲಿ ತಗಡು ಕುಗ್ಗಬೇಕು, ಸುತ್ತಲಿನ ಭಾಗವೂ ಅಡಿಪಾಯದ ಘರ್ಷಣೆಯೂ ಬಿಡುವುದಿಲ್ಲ. ಬಿಸಿ ಭಾಗ ಉಬ್ಬುತ್ತದೆ, ಬೆಸುಗೆಯಲ್ಲಿ ಬಿರುಕು ಬೀಳುತ್ತದೆ.

ಟ್ಯಾಂಕಿನ ಉಪ್ಪೆಲ್ಲ ಒಂದೇ ತಾಪಮಾನದಲ್ಲಿದೆ ಎಂದು ಹಿಡಿಯುವ ವಾರ್ಷಿಕ ಮಾದರಿಗೆ ಇದು ಕಾಣುವುದೇ ಇಲ್ಲ. ಕಾಣಬೇಕಾದರೆ ಎರಡು ಹಂತ ಬೇಕು. ಮೊದಲು ದ್ರವದ ಹರಿವಿನ ಸಿಮ್ಯುಲೇಷನ್: ಒಳಬರುವ ಉಪ್ಪಿನ ತಾಪಮಾನ ಮತ್ತು ಹರಿವನ್ನು ನಿಮಿಷ ನಿಮಿಷಕ್ಕೆ ಕೊಡಬೇಕು, ಉಪ್ಪು ಹಂಚುವ ಉಂಗುರ ಕೊಳವೆಯ ರಂಧ್ರಗಳನ್ನೂ ಬಿಡಬಾರದು. ಲೆಕ್ಕಕ್ಕಾಗಿ ಟ್ಯಾಂಕನ್ನು ಸಣ್ಣ ಕೋಶಗಳಾಗಿ ಒಡೆಯುವ ಜಾಲರಿ ತಳದ ಹತ್ತಿರ ಸೂಕ್ಷ್ಮವಾಗಿರಬೇಕು. ಅದನ್ನು ಇನ್ನಷ್ಟು ಸೂಕ್ಷ್ಮ ಮಾಡಿದರೂ ಉತ್ತರ ಬದಲಾಗದಿದ್ದರೆ ಮಾತ್ರ ನಂಬಬಹುದು. ಆ ತಾಪಮಾನದ ನಕ್ಷೆ ಆಮೇಲೆ ಉಕ್ಕಿನ ಬಲದ ಮಾದರಿಗೆ ಹೋಗುತ್ತದೆ. ಲೆಕ್ಕ ಹಾದಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಸಮಯ ಉಳಿಸಲು ತಳದ ಒಂದು ಹೋಳನ್ನಷ್ಟೇ ತೆಗೆದುಕೊಂಡರೆ ಒಂದು ಪಕ್ಕದ ಉಬ್ಬು ತಪ್ಪಿಹೋಗುತ್ತದೆ. ಘರ್ಷಣೆ ಕಡಿಮೆ ಹಿಡಿದರೆ ಕಂಪ್ಯೂಟರ್ ಲೆಕ್ಕದಲ್ಲಿ ತಗಡು ಸಲೀಸಾಗಿ ಜಾರಿ ಒತ್ತಡವೇ ಮಾಯವಾಗುತ್ತದೆ.

ತಳದಲ್ಲಿ 50 ಡಿಗ್ರಿ ವ್ಯತ್ಯಾಸವಿದ್ದು ತಗಡು ಅಲುಗಾಡದಂತಿದ್ದರೆ ಒತ್ತಡ ಸುಮಾರು 135 ಮೆಗಾಪ್ಯಾಸ್ಕಲ್. ಆ ಕಾವಿನಲ್ಲಿ ಉಕ್ಕು ಶಾಶ್ವತವಾಗಿ ಬಾಗತೊಡಗುವ ಮಟ್ಟದ ಆಸುಪಾಸು. ಆದ್ದರಿಂದ ಸಿಮ್ಯುಲೇಷನ್ನಿನಿಂದ ಮೊದಲು ಪಡೆಯಬೇಕಾದದ್ದು ಚಾಲಕರಿಗೆ ಬೇಕಾದ ಎರಡು ಅಂಕಿ: ಬಿಸಿ ಟ್ಯಾಂಕಿಗೆ ಬಿಡಬಹುದಾದ ಉಪ್ಪಿನ ಕನಿಷ್ಠ ತಾಪಮಾನ, ಆಗ ಟ್ಯಾಂಕಿನಲ್ಲಿ ಇರಲೇಬೇಕಾದ ಮಟ್ಟ. ಅದಕ್ಕಿಂತ ತಣ್ಣಗಿದ್ದರೆ ಉಪ್ಪನ್ನು ತಣ್ಣನೆಯ ಟ್ಯಾಂಕಿಗೆ ತಿರುಗಿಸಬೇಕು. ಅಂಕಿ ಸರಿಯೇ ಎಂದು ತಿಳಿಯಲು ತಳದುದ್ದಕ್ಕೂ ತಾಪಮಾನ ಅಳೆಯುವ ಥರ್ಮೋಕಪಲ್‌ಗಳು ಬೇಕು, ಅವನ್ನು ಟ್ಯಾಂಕ್ ಕಟ್ಟುವಾಗಲೇ ಕೂರಿಸಬೇಕು.