ಎರಡು ಕಿಣ್ವಗಳ ನಡುವಿನ ಹತ್ತು ನ್ಯಾನೋಮೀಟರ್

ಜೋಡಿ ಕಿಣ್ವಗಳ ಪಾಠಕ್ಕೆ ಎಲ್ಲರೂ ಎತ್ತಿಕೊಳ್ಳುವುದು ಗ್ಲೂಕೋಸ್ ಆಕ್ಸಿಡೇಸ್ ಮತ್ತು ಹಾರ್ಸ್‌ರ‍್ಯಾಡಿಶ್ ಪೆರಾಕ್ಸಿಡೇಸ್. ಮೊದಲನೆಯದು ಗ್ಲೂಕೋಸನ್ನು ಉತ್ಕರ್ಷಿಸಿ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ. ಎರಡನೆಯದು ಆ ಪೆರಾಕ್ಸೈಡ್ ಬಳಸಿ ಎಬಿಟಿಎಸ್ ಎಂಬ ವಸ್ತುವನ್ನು ಹಸಿರಾಗಿಸುತ್ತದೆ. ಹಸಿರು ಬೇಗ ಏರಿದಷ್ಟೂ ಕೆಲಸ ಚುರುಕು ಎಂದರ್ಥ.

ಇವೆರಡನ್ನು ಬೇಕಾದ ಅಂತರದಲ್ಲಿ ಕೂರಿಸಲು ಒಂದು ಮಣೆ ಬೇಕು. ಆ ಮಣೆಯೇ ಡಿಎನ್‌ಎ ಒರಿಗಾಮಿ, 2006ರಲ್ಲಿ ಪಾಲ್ ರಾಥಮಂಡ್ ತೋರಿಸಿದ ವಿಧಾನ. ಎಂ13 ವೈರಸ್ಸಿನ 7,000ಕ್ಕೂ ಹೆಚ್ಚು ಬೇಸ್‌ಗಳ (ಡಿಎನ್‌ಎಯ ‘ಅಕ್ಷರ’ಗಳ) ಒಂಟಿ ಎಳೆಯನ್ನು ಇನ್ನೂರಕ್ಕೂ ಮಿಕ್ಕ ತುಂಡು ಎಳೆಗಳು ಅಲ್ಲಲ್ಲಿ ಹಿಡಿದು ಮಡಿಸುತ್ತವೆ. ಕಾಯಿಸಿ ನಿಧಾನವಾಗಿ ಆರಲು ಬಿಟ್ಟರೆ ಸಾಕು. ಬೇಸ್ ಜೋಡಿಯೊಂದಕ್ಕೆ 0.34 ನ್ಯಾನೋಮೀಟರ್ ಉದ್ದವಾದ್ದರಿಂದ ಯಾವ ತುದಿ ಎಲ್ಲಿ ಬರುತ್ತದೆಂದು ಮೊದಲೇ ಲೆಕ್ಕ ಹಾಕಬಹುದು. ಕಿಣ್ವಕ್ಕೊಂದು ಡಿಎನ್‌ಎ ಬಾಲ ಅಂಟಿಸಿದರೆ, ಮಣೆಯಿಂದ ಚಾಚಿದ ಹೊಂದುವ ಎಳೆ ಅದನ್ನು ಹಿಡಿದುಕೊಳ್ಳುತ್ತದೆ.

2012ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಹಾವೊ ಯಾನ್ ತಂಡ ಈ ಅಂತರವನ್ನು 10ರಿಂದ 65 ನ್ಯಾನೋಮೀಟರ್‌ವರೆಗೆ ಬದಲಿಸಿ ನೋಡಿತು. 10ರಲ್ಲಿ ವೇಗ ಜೋರು, 20ಕ್ಕೇ ದೊಡ್ಡ ಕುಸಿತ. ‘ಹತ್ತಿರವಿದ್ದರೆ ಪೆರಾಕ್ಸೈಡ್ ದಾರಿ ತಪ್ಪುವುದಿಲ್ಲ’ ಎಂದು ನೋಟ್ಸಿನಲ್ಲಿ ಬರೆದು ನಾನು ಕೆಂಪು ಗೆರೆಯನ್ನೂ ಎಳೆದಿದ್ದೆ.

ಆಮೇಲೆ ಲೆಕ್ಕಕ್ಕೆ ಕೂತೆ. ನೀರಿನಲ್ಲಿ ಪೆರಾಕ್ಸೈಡಿನ ವಿಸರಣ ಗುಣಾಂಕ, ಅಂದರೆ ಅದು ಎಷ್ಟು ಬೇಗ ಹರಡುತ್ತದೆಂಬ ಅಳತೆ, ಸೆಕೆಂಡಿಗೆ ಸುಮಾರು 1.4 × 10⁻⁹ ಚದರ ಮೀಟರ್. ಇದನ್ನು 6ರಿಂದಲೂ ಕಾಲದಿಂದಲೂ ಗುಣಿಸಿ ವರ್ಗಮೂಲ ತೆಗೆದರೆ, ಒಂದು ಮಿಲಿಸೆಕೆಂಡಿನಲ್ಲಿ ಅಣು ಅಲೆಯುವ ದೂರ ಸುಮಾರು 3 ಮೈಕ್ರೋಮೀಟರ್. ಹತ್ತು ನ್ಯಾನೋಮೀಟರ್ ದಾಟಲು ಹನ್ನೆರಡು ನ್ಯಾನೋಸೆಕೆಂಡೇ ಸಾಕು! ಆಕ್ಸಿಡೇಸ್ ಒಂದು ಸುತ್ತು ಮುಗಿಸುವುದೇ ಮಿಲಿಸೆಕೆಂಡುಗಳಲ್ಲಿ. ಅಷ್ಟರೊಳಗೆ ಹಿಂದಿನ ಸುತ್ತಿನ ಪೆರಾಕ್ಸೈಡ್ ಊರು ಬಿಟ್ಟಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಇಡೀ ದ್ರಾವಣದಲ್ಲೇ ಪೆರಾಕ್ಸೈಡ್ ತುಂಬಿಕೊಂಡಾಗ, ಪಕ್ಕದ ಮನೆಯವರಿಗೆ ಯಾವ ವಿಶೇಷ ಲಾಭವೂ ಉಳಿಯುವುದಿಲ್ಲ. ಕೆಂಪು ಗೆರೆ ಅಳಿಸಬೇಕಾಯಿತು.

ಹಾಗಾದರೆ ವೇಗ ಹೆಚ್ಚಿದ್ದೇಕೆ? 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಹೆನ್ರಿ ಹೆಸ್ ತಂಡ ಬೆರಳು ತೋರಿಸಿದ್ದು ಮಣೆಯತ್ತಲೇ. ಡಿಎನ್‌ಎಯ ಫಾಸ್ಫೇಟ್‌ಗಳಿಗೆ ಋಣ ವಿದ್ಯುದಾವೇಶ ಇರುವುದರಿಂದ ಅವು ಹೈಡ್ರೋಜನ್ ಅಯಾನುಗಳನ್ನು ಸೆಳೆದು ಸುತ್ತಲಿನ ಪಿಎಚ್ ಇಳಿಸುತ್ತವೆ, ಆ ಪಿಎಚ್ ಕಿಣ್ವಗಳಿಗೆ ಹೆಚ್ಚು ಹಿಡಿಸುತ್ತದೆ ಎಂಬುದು ಅವರ ವಾದ. ಆದ್ದರಿಂದ ಇಂಥ ಪ್ರಬಂಧ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಮಣೆಯ ಮೇಲೆ ಒಂಟಿಯಾಗಿ ಕೂರಿಸಿದ ಕಿಣ್ವದ ವೇಗವನ್ನು. ಅದೂ ಏರಿದ್ದರೆ ಏರಿಕೆಗೆ ಸಾಮೀಪ್ಯವೇ ಕಾರಣ ಎನ್ನುವಂತಿಲ್ಲ.

ಸಾಮೀಪ್ಯ ನಿಜಕ್ಕೂ ಕೆಲಸಕ್ಕೆ ಬರುವುದು ಮಧ್ಯವರ್ತಿ ಅಣು ಓಡಿಹೋಗದಂತೆ ಕಟ್ಟಿಹಾಕಿದಾಗ. 2014ರಲ್ಲಿ ಯಾನ್ ತಂಡವೇ ಎರಡು ಡಿಹೈಡ್ರೋಜಿನೇಸ್‌ಗಳ (ಹೈಡ್ರೋಜನ್ ವರ್ಗಾಯಿಸುವ ಕಿಣ್ವಗಳ) ನಡುವೆ, ಆ ಹೈಡ್ರೋಜನ್ ಹೊರುವ ಎನ್‌ಎಡಿ ಎಂಬ ಸಣ್ಣ ಅಣುವನ್ನು ಡಿಎನ್‌ಎ ತೋಳಿನ ತುದಿಗೆ ಅಂಟಿಸಿತು. ತೋಳು ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತ, ಒಂದು ಕಡೆ ಹೈಡ್ರೈಡ್ (ಎರಡು ಎಲೆಕ್ಟ್ರಾನ್ ಇರುವ ಹೈಡ್ರೋಜನ್) ಪಡೆದು ಇನ್ನೊಂದು ಕಡೆ ಕೊಡುತ್ತದೆ.