ಬಾಣದ ಕೀ ಒತ್ತಿದರೆ ಪಾಸ್‌ವರ್ಡ್ ಎದ್ದು ಬರಬಾರದು

ಪ್ರಶ್ನೆ: ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮ ಅಂಗಡಿ. ಬಿಲ್ಲಿಂಗ್ ನಡೆಯುವುದು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಮೇಲೆ. ಲೆಕ್ಕ ನೋಡುತ್ತಿದ್ದ ಹುಡುಗ ಕೆಲಸ ಬಿಟ್ಟ. ಅವನಿಗೆ ಗೊತ್ತಿದ್ದ ಡೇಟಾಬೇಸ್ ಪಾಸ್‌ವರ್ಡನ್ನು ಟರ್ಮಿನಲ್‌ನಲ್ಲೇ ಬದಲಿಸುವುದು ಹೇಗೆ?

ಉತ್ತರ: ಎರಡು ನಿಮಿಷದ ಕೆಲಸ. ಲಿನಕ್ಸ್ ಸರ್ವರ್ ಆದರೆ ಸುಡೋ (ಬೇರೆ ಯೂಸರ್ ಹೆಸರಲ್ಲಿ ಕೆಲಸ ಮಾಡಿಸುವ ಕಮಾಂಡ್) ಬಳಸಿ, ಪೋಸ್ಟ್‌ಗ್ರೆಸ್ ಅನ್ನುವ ಯೂಸರ್ ಆಗಿ ಪಿಎಸ್‌ಕ್ಯೂಎಲ್ ತೆರೆಯಿರಿ. ಡೇಟಾಬೇಸ್‌ಗೆ ಟರ್ಮಿನಲ್‌ನಿಂದ ಕಮಾಂಡ್ ಕೊಡುವ ಪ್ರೋಗ್ರಾಂ ಅದು. ಅಲ್ಲಿ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ, ಅದಕ್ಕೆ ಅಂಟಿಸಿ ಪಾಸ್‌ವರ್ಡ್ ಅಂತ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ಸ್ಪೇಸ್ ಬಿಟ್ಟು ಖಾತೆಯ ಹೆಸರು ಕೊಡಿ. ಬಿಲ್ಲಿಂಗ್ ಸಾಫ್ಟ್‌ವೇರ್ ಯಾವ ಖಾತೆಯಿಂದ ಲಾಗಿನ್ ಆಗುತ್ತದೋ ಆ ಹೆಸರು. ಎಂಟರ್ ಒತ್ತಿದರೆ ಹೊಸ ಪಾಸ್‌ವರ್ಡನ್ನು ಎರಡು ಸಲ ಕೇಳುತ್ತದೆ. ಟೈಪ್ ಮಾಡುವಾಗ ಒಂದು ಚುಕ್ಕಿಯೂ ಕಾಣುವುದಿಲ್ಲ. ಕೀಬೋರ್ಡ್ ಕೆಟ್ಟಿಲ್ಲ, ಅದು ಇರುವುದೇ ಹಾಗೆ. ಮುಗಿದ ಮೇಲೂ ಸುಮ್ನೆ ಇರುತ್ತದೆ. ತಪ್ಪು ಅಂತ ಬೈಯದಿದ್ದರೆ ಆಯಿತು ಅಂತ ಅರ್ಥ.

ಆಲ್ಟರ್ ಯೂಸರ್ ಅಂತ ಬರೆದು ಅದೇ ಸಾಲಿನಲ್ಲಿ ಪಾಸ್‌ವರ್ಡ್ ಕೊಟ್ಟರೂ ಬದಲಾಗುತ್ತದೆ. ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಒಮ್ಮೆ ಒಂದು ಬಟ್ಟೆ ಅಂಗಡಿಯಲ್ಲಿ ಬದಲಿಸಿ, ಬೆಣ್ಣೆ ದೋಸೆ ತಿಂದು ವಾಪಸ್ ಬಂದೆ. ನಾಲ್ಕು ಜನರ ಎದುರಿಗೆ ಪಿಎಸ್‌ಕ್ಯೂಎಲ್ ತೆರೆದು ಮೇಲಿನ ಬಾಣದ ಕೀ ಒತ್ತಿದರೆ, ಹೊಸ ಪಾಸ್‌ವರ್ಡ್ ಒಂದಕ್ಷರ ಬಿಡದೆ ಪರದೆ ಮೇಲೆ! ಟೈಪ್ ಮಾಡಿದ್ದೆಲ್ಲ ಹಿಸ್ಟರಿ ಫೈಲಿಗೆ ಹೋಗುತ್ತದೆ, ಸೆಟ್ಟಿಂಗ್ ಹಾಗಿದ್ದರೆ ಸರ್ವರ್ ಲಾಗ್‌ಗೂ. ಬ್ಯಾಕ್‌ಸ್ಲ್ಯಾಶ್ ದಾರಿಯಲ್ಲಿ ಆ ಕಾಟವಿಲ್ಲ. ಪಾಸ್‌ವರ್ಡ್ ನಿಮ್ಮ ಕಡೆಯೇ ಹ್ಯಾಶ್ ಆಗಿ, ಅಂದರೆ ನೋಡಿದರೆ ಮೂಲ ಗೊತ್ತಾಗದ ಅಕ್ಷರಗಳ ಸಾಲಾಗಿ, ಆಮೇಲೆ ಸರ್ವರ್‌ಗೆ ಹೋಗುತ್ತದೆ. 2021ರಲ್ಲಿ ಬಂದ 14ನೇ ಆವೃತ್ತಿಯಿಂದ ಈ ಹ್ಯಾಶ್ ತಾನಾಗಿಯೇ ಸ್ಕ್ರ್ಯಾಮ್ ಬಗೆಯದು. ಹಳೆಯ ಎಂಡಿ5ಗಿಂತ ಜಾಸ್ತಿ ಗಟ್ಟಿ.

ಇನ್ನೊಂದು ಮಾತು. ಪಾಸ್‌ವರ್ಡ್ ಕೇಳುವುದು ಬಾಗಿಲಲ್ಲಿ ಮಾತ್ರ, ಆಗಲೇ ಒಳಗೆ ಕೂತವರನ್ನು ಅದು ಎಬ್ಬಿಸುವುದಿಲ್ಲ. ಆ ಹುಡುಗನ ಲ್ಯಾಪ್‌ಟಾಪ್ ಇನ್ನೂ ಕನೆಕ್ಟ್ ಆಗಿದ್ದರೆ ಹಾಗೇ ಉಳಿಯುತ್ತದೆ, ಅದನ್ನು ಬೇರೆಯಾಗಿ ಕಡಿಯಬೇಕು. ಬಿಲ್ಲಿಂಗ್ ಕೂಡ ಅಷ್ಟೇ. ಇವತ್ತು ನಡೆಯುತ್ತಿರುತ್ತದೆ, ನಾಳೆ ಮಷಿನ್ ಆನ್ ಮಾಡಿದಾಗ ಹಳೆ ಪಾಸ್‌ವರ್ಡ್ ಹಿಡಿದುಕೊಂಡು ಬಾಗಿಲಲ್ಲೇ ನಿಲ್ಲುತ್ತದೆ. ಅದರ ಸೆಟ್ಟಿಂಗ್‌ನಲ್ಲೂ ಈಗಲೇ ಬದಲಿಸಿ.

ಬದಲಿಸಿದರೂ ಯಾರನ್ನೂ ಪಾಸ್‌ವರ್ಡ್ ಕೇಳುತ್ತಲೇ ಇಲ್ಲವಾ? ಯಾರನ್ನು ಹೇಗೆ ಒಳಗೆ ಬಿಡಬೇಕು ಅಂತ ಬರೆದಿರುವ ಪಿಜಿ ಎಚ್‌ಬಿಎ ಅನ್ನುವ ಫೈಲ್ ತೆರೆದು ನೋಡಿ. ಅಲ್ಲಿ ಟ್ರಸ್ಟ್ ಅಂತ ಇದ್ದರೆ ಬಾಗಿಲಿಗೆ ಬೀಗವೇ ಇಲ್ಲ, ಕೀಲಿ ಬದಲಿಸಿ ಏನು ಬಂತು ಅಲ್ವಾ? ಅದನ್ನು ಸ್ಕ್ರ್ಯಾಮ್‌ಗೆ ಬದಲಿಸಿ, ಸರ್ವರ್ ರೀಲೋಡ್ ಮಾಡಿ. ರೀಸ್ಟಾರ್ಟ್ ಬೇಕಿಲ್ಲ, ಕೌಂಟರ್‌ನಲ್ಲಿ ಗಿರಾಕಿ ನಿಂತಿದ್ದರೂ ಮಾಡಬಹುದು.